ಕೊಂಡಿ ಹಾಕುವ ಕೈ

(ಬನಶಂಕರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ದತ್ತಿ ಉಪನ್ಯಾಸದ ವ್ಯವಹಾರ ಸ್ವಲ್ಪ ವಿಚಿತ್ರದ್ದು. ಬಾಳಿ ಹೋದವರೊಬ್ಬರ ಹೆಸರಿನಲ್ಲಿ ಮನೆಯವರು ಒಂದಿಷ್ಟು ಇಡುಗಂಟು ಇಡುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಬ್ಬ ಬರುತ್ತಾನೆ, ಮಾತಾಡುತ್ತಾನೆ, ಶಾಲು ಹೊದೆಸಿಕೊಂಡು ಬಸ್ಸು ಹತ್ತುತ್ತಾನೆ. ಯಾರ ಹೆಸರಿನಲ್ಲಿ ಮಾತಾಡಿದನೋ ಅವರನ್ನು ಅವನು ಕಂಡಿರುವುದಿಲ್ಲ. ಆದರೂ ಒಂದು ತಾಸಿನ ಮಟ್ಟಿಗೆ ಇಬ್ಬರ ನಡುವೆ ಋಣ ಬೀಳುತ್ತದೆ. ಈ ವರ್ಷ ನನಗೆ ಕೊಟ್ಟ ವಿಷಯ ಬೆಸುಗೆ: ಮನುಷ್ಯರನ್ನು ಮನುಷ್ಯರಿಗೆ ಹಿಡಿದಿಡುವುದು ಯಾವುದು, ವಸ್ತುವನ್ನು ವಸ್ತುವಿಗೆ ಹಿಡಿದಿಡುವುದು ಯಾವುದು. ಇದಕ್ಕೆ ತತ್ತ್ವಶಾಸ್ತ್ರ ಓದಿದವರನ್ನು ಕರೆಯಬೇಕಿತ್ತು. ನನ್ನನ್ನು ಕರೆದಿದ್ದೀರಿ. ಹಾಗಾಗಿ ಈ ಸೀಮೆಯಲ್ಲಿ ಕೈಗೆ ಸಿಗುವ ಸಾಮಾನುಗಳನ್ನೇ ಮುಂದಿಟ್ಟುಕೊಂಡು ಮಾತಾಡುತ್ತೇನೆ. ಕಲ್ಲು, ಸೀರೆ, ಹಗ್ಗ. ನಡುವೆ ರೊಟ್ಟಿಯ ಮಾತೂ ಬರಬಹುದು.

ಈ ನೆಲಕ್ಕೆ ದತ್ತಿ ಹೊಸದಲ್ಲ. ಇಲ್ಲಿಂದ ಐದಾರು ಕಿಲೋಮೀಟರು ದೂರದ ಬಾದಾಮಿಯ ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಲೇಶ ಬರೆಸಿದ ಶಾಸನವಿದೆ. ಶಕ ವರ್ಷ 500, ಅಂದರೆ ಕ್ರಿ.ಶ. 578. ಆಗ ಸಿಂಹಾಸನದ ಮೇಲಿದ್ದವನು ಅವನ ಅಣ್ಣ ಕೀರ್ತಿವರ್ಮ. ತಮ್ಮ ನಿಂತು ವಿಷ್ಣುವಿಗೆ ಗುಹಾಲಯ ಕಡೆಸಿದ. ಕಡೆಸಿದ ಪುಣ್ಯ ಅಣ್ಣನಿಗೆ ಸಲ್ಲಲಿ, ಅಣ್ಣನ ಸೇವೆ ಮಾಡಿದ ಫಲವಷ್ಟೇ ತನಗಿರಲಿ ಎಂದು ಸೂರ್ಯ, ಅಗ್ನಿಗಳ ಸಾಕ್ಷಿಯಲ್ಲಿ ಹೇಳಿಕೊಂಡ. ಅದೇ ಗುಹೆಯ ಬಳಿ ಒಂದು ಪುಟ್ಟ ಕನ್ನಡ ಶಾಸನವೂ ಇದೆ. ಲಂಜಿಗೇಸರ ಎಂಬ ಊರನ್ನು ಆ ಕಲ್ಮನೆಗೆ ದತ್ತಿ ಬಿಟ್ಟದ್ದನ್ನು ಅದು ಹೇಳುತ್ತದೆ. ದೇವರಿಗೆ ಹೂ ಏರಿಸುವ ಮಾಲೆಗಾರರಿಗೂ ಅದರಲ್ಲಿ ಪಾಲು. ನಮ್ಮ ಭಾಷೆಯ ಅತಿ ಹಳೆಯ ದತ್ತಿಗಳಲ್ಲೊಂದು ಹೂ ಕಟ್ಟುವವರ ಕೈಗೆ ಹೋಯಿತು ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ದಾರ, ಹೂವು, ನಡುವೆ ಒಂದು ಕೈ. ಆ ಕೈಗೆ ಅರಸು ಸಂಬಳ ಗೊತ್ತು ಮಾಡಿದ.

ಅಣ್ಣ ತಮ್ಮಂದಿರ ಕತೆ ಇಲ್ಲಿಗೇ ಮುಗಿದಿದ್ದರೆ ನಾನೂ ಸುಖವಾಗಿ ಮುಂದೆ ಹೋಗುತ್ತಿದ್ದೆ. ಕೀರ್ತಿವರ್ಮ ತೀರಿಕೊಂಡಾಗ ಅವನ ಮಗ ಪುಲಕೇಶಿ ಚಿಕ್ಕವನು. ಮಂಗಲೇಶ ಪಟ್ಟಕ್ಕೆ ಬಂದ. ಹುಡುಗ ಬೆಳೆದ ಮೇಲೆ ಚಿಕ್ಕಪ್ಪನಿಗೆ ರಾಜ್ಯವನ್ನು ಸ್ವಂತ ಮಗನಿಗೇ ಕೊಡುವ ಆಸೆ ಹುಟ್ಟಿತು. ಮುಂದಿನದನ್ನು ರವಿಕೀರ್ತಿ 634ರಲ್ಲಿ ಐಹೊಳೆಯ ಮೇಗುತಿಯಲ್ಲಿ ಕಲ್ಲಿಗೆ ಹಾಕಿದ್ದಾನೆ. ಮಂಗಲೇಶ ಮಗನಿಗೆ ಪಟ್ಟ ಕಟ್ಟುವ ಯತ್ನವನ್ನೂ ರಾಜ್ಯವನ್ನೂ ಜೀವವನ್ನೂ ಒಟ್ಟಿಗೇ ಕಳೆದುಕೊಂಡ. ಗೆದ್ದವನು ಇಮ್ಮಡಿ ಪುಲಕೇಶಿ, ಯಾರಿಗೆ ಪುಣ್ಯ ಧಾರೆಯೆರೆದಿದ್ದನೋ ಆ ಅಣ್ಣನ ಮಗ. ಎರಡು ಶಾಸನಗಳ ನಡುವೆ ಐವತ್ತಾರು ವರ್ಷ. ಬಾದಾಮಿಗೂ ಐಹೊಳೆಗೂ ನಡುವೆ ಒಂದು ದಿನದ ನಡಿಗೆ. ಎರಡನ್ನೂ ಒಂದೇ ದಿನ ಓದಿ ಬಂದರೆ ಮನಸ್ಸು ಕಸಿವಿಸಿಯಾಗುತ್ತದೆ. ಕಳ್ಳುಬಳ್ಳಿ ಅನ್ನುತ್ತೇವಲ್ಲ, ಒಂದೇ ರಕ್ತ ಎಂದು ಎದೆ ತಟ್ಟಿಕೊಳ್ಳುತ್ತೇವಲ್ಲ, ಅದರ ಬಲ ಇಷ್ಟೇ. ಬೆಸುಗೆ ಅಂದರೆ ರಕ್ತ ಎಂದುಕೊಂಡವರು ಈ ಎರಡು ಶಾಸನಗಳ ದಾರಿಯಲ್ಲಿ ಒಮ್ಮೆ ಓಡಾಡಿ ಬರಬೇಕು.

ರಕ್ತ ಉಳಿಯಲಿಲ್ಲ, ಕಲ್ಲು ಉಳಿಯಿತು. ಯಾಕೆ?

ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಎರಡು ಜಾತಿಯ ಕಲ್ಲು ಹೆಸರುವಾಸಿ. ಇಳಕಲ್ಲಿನ ಸುತ್ತ ಸಿಗುವ ಕೆಂಪು ಗ್ರಾನೈಟು ಒಂದು, ಬಾದಾಮಿಯ ಮರಳುಗಲ್ಲು ಇನ್ನೊಂದು. ಗ್ರಾನೈಟು ಹುಟ್ಟಿದ್ದು ಭೂಮಿಯ ಆಳದಲ್ಲಿ, ಕರಗಿದ ಒಂದೇ ಪಾಕದಿಂದ. ಪಾಕ ಆರುತ್ತ ಆರುತ್ತ ಹರಳುಗಳು ಒಂದರ ಸಂದಿಯಲ್ಲಿ ಒಂದು ಬೆಳೆದು ತಬ್ಬಿಕೊಂಡವು. ಅವೆಲ್ಲ ಒಡಹುಟ್ಟಿದವು. ಮರಳುಗಲ್ಲಿನದು ಬೇರೆಯೇ ಚರಿತ್ರೆ. ಅದರ ಒಂದೊಂದು ಕಣವೂ ಹಿಂದೆ ಬೇರೆ ಯಾವುದೋ ಬಂಡೆಯಲ್ಲಿತ್ತು. ಮಳೆ, ಗಾಳಿ, ಹೊಳೆ ಅದನ್ನು ಸವೆಸಿ, ಉರುಳಿಸಿ, ಗುರುತು ಪರಿಚಯವಿಲ್ಲದ ಇತರ ಕಣಗಳ ಪಕ್ಕಕ್ಕೆ ತಂದು ಕೆಡವಿತು. ಮೇಲಿನ ಪದರಗಳ ಭಾರ ಬಿತ್ತು. ಸಂದಿಗಳಲ್ಲಿ ಇಳಿದ ನೀರು ಸಿಲಿಕವನ್ನೂ ಕಬ್ಬಿಣದ ಅಂಶವನ್ನೂ ಬಿಟ್ಟು ಹೋಯಿತು. ಅದೇ ಅಂಟಾಯಿತು. ಬಾದಾಮಿಯ ಬಂಡೆಗೆ ಸಂಜೆ ಹೊತ್ತಿನಲ್ಲಿ ಬರುವ ಆ ಕೆಂಪು ಕಬ್ಬಿಣದ ಕೃಪೆ. ಅಂದರೆ ನಾವು ಫೋಟೊ ಹಿಡಿಯುವ ಬಣ್ಣದಲ್ಲಿ ಆ ಕಲ್ಲಿನ ಬೆಸುಗೆಯೇ ಬೆರೆತಿದೆ.

ಭೂವಿಜ್ಞಾನಿಗಳು ಈ ಪದರಗಳನ್ನು ಕಲಾದಗಿ ಜಲಾನಯನದ ಬಾದಾಮಿ ಗುಂಪು ಎನ್ನುತ್ತಾರೆ. ಅದರ ಕೆಳಗೆ ಇನ್ನೂ ಹಳೆಯದಾದ ಬಾಗಲಕೋಟೆ ಗುಂಪು ಮಡಿಕೆ ಬಿದ್ದು, ಓರೆಯಾಗಿ ನಿಂತಿದೆ. ಅದರ ಮೇಲೆ ಬಾದಾಮಿಯ ಪದರಗಳು ಹೆಚ್ಚುಕಡಿಮೆ ಮಟ್ಟಸವಾಗಿ ಹಾಸಿಕೊಂಡಿವೆ. ಎರಡರ ನಡುವಿನ ಗೆರೆಯಲ್ಲಿ ಲೆಕ್ಕಕ್ಕೆ ಸಿಗದಷ್ಟು ಕಾಲ ಕೊಚ್ಚಿಹೋಗಿದೆ. ಹಾಗಿದ್ದೂ ಒಂದರ ಮೇಲೊಂದು ಕೂತಿವೆ. ರಾಮದುರ್ಗದ ಕಡೆ ಹೋದವರು ಕಣ್ಣಾರೆ ನೋಡಬಹುದು.

ಈ ಕಲ್ಲನ್ನು ಕಡಿದು ಗುಡಿ ಕಟ್ಟಿದವರ ಜಾಣತನ ನೋಡಿ. ಐಹೊಳೆ, ಪಟ್ಟದಕಲ್ಲುಗಳಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆಯಿಲ್ಲ. ಮೈ ಹೊಂದುವಂತೆ ಕಡಿದು, ತೂಕಕ್ಕೆ ತೂಕ ಕೊಟ್ಟು ಇಟ್ಟಿದ್ದಾರೆ. ವಿರೂಪಾಕ್ಷ ಗುಡಿಯನ್ನು ಎಂಟನೆಯ ಶತಮಾನದ ನಡುವಿನಲ್ಲಿ ಕಟ್ಟಿಸಿದವಳು ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ. ಮಗ್ಗುಲಿನ ಮಲ್ಲಿಕಾರ್ಜುನ ಅವಳ ತಂಗಿ ತ್ರೈಲೋಕ್ಯಮಹಾದೇವಿಯದು. ಇಬ್ಬರೂ ಒಡಹುಟ್ಟಿದವರು, ಇಬ್ಬರೂ ಸವತಿಯರು. ಅವರ ನಡುವೆ ಏನಿತ್ತೋ ಗುಡಿ ಹೇಳುವುದಿಲ್ಲ. ಎರಡೂ ಒಂದರ ಹತ್ತಿರ ಒಂದು, ಮೈ ತಾಗದಷ್ಟು ದೂರದಲ್ಲಿ ನಿಂತಿವೆ. ವಿರೂಪಾಕ್ಷದ ಸೂತ್ರಧಾರಿ ಗುಂಡ ಅನಿವಾರಿತಾಚಾರಿಯ ಹೆಸರೂ ಶಾಸನದಲ್ಲಿ ಉಳಿದಿದೆ. ಜೋಡಿಸಿದವನ ಹೆಸರು ಉಳಿದದ್ದು ನಮ್ಮಲ್ಲಿ ಅಪರೂಪ.

ಇಷ್ಟು ಹೇಳಿ ಸೀರೆಗೆ ಬರುತ್ತೇನೆ. ನನ್ನ ಮಾತಿನ ತಿರುಳು ಇರುವುದು ಇಲ್ಲಿ. ಇಳಕಲ್ ಸೀರೆಯ ಬಗ್ಗೆ ಈ ಸಭೆಯಲ್ಲಿ, ಅದರಲ್ಲೂ ಹೆಂಗಸರ ಮುಂದೆ ಮಾತಾಡುವುದು ಅಧಿಕಪ್ರಸಂಗವೇ ಸರಿ. ಆದರೂ ಉಡುವವರಿಗೆ ಕಾಣದ ಒಂದು ಜಾಗ ಆ ಸೀರೆಯಲ್ಲಿದೆ.

ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ನೂಲು ಹಾಸು, ಲಾಳಿಯ ಜೊತೆ ಅಡ್ಡಕ್ಕೆ ಓಡುವುದು ಹೊಕ್ಕು. ನಾಡಿನ ಬಹುಪಾಲು ಸೀರೆಗಳಲ್ಲಿ ಒಡಲಿನ ಹಾಸೇ ಕೊನೆಯವರೆಗೆ ಹೋಗಿ ಸೆರಗಾಗುತ್ತದೆ. ನಿಜವಾದ ಇಳಕಲ್ಲಿನಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಹತ್ತಿಯದಿರಬಹುದು, ಸೆರಗು ಮಾತ್ರ ಕೆಂಪು ರೇಷ್ಮೆ. ಈ ಎರಡು ಹಾಸುಗಳು ಸೇರುವ ಕಡೆ ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆಯನ್ನು ತೂರಿಸಿ ಹೊಂದಿಸುತ್ತಾರೆ. ಹತ್ತಿಯ ಎಳೆ ರೇಷ್ಮೆಯ ಎಳೆಯನ್ನು ಹಿಡಿದುಕೊಳ್ಳುತ್ತದೆ, ರೇಷ್ಮೆ ಹತ್ತಿಯನ್ನು. ಸೀರೆಯ ಅಗಲಕ್ಕೆ ಸಾವಿರಾರು ಎಳೆ. ಒಂದೊಂದನ್ನೂ ಕೈಯಿಂದಲೇ ಹೊಂದಿಸಬೇಕು. ಟೋಪತೆನಿ ಸೆರಗು ಎಂದು ಹೆಸರಾದದ್ದು ಇದೇ. ಬಾಚಣಿಗೆ, ಕೋಟೆಯ ಸಾಲು, ಜೋಳದ ತೆನೆ, ಗುಡ್ಡದ ಸಾಲು, ಇಂಥ ಚಿತ್ತಾರಗಳು ಬಿಳಿ ಎಳೆಯಲ್ಲಿ ಆ ಕೆಂಪಿನ ಮೇಲೆ ಏಳುತ್ತವೆ.

ಜೋಡಣೆ ಅಲ್ಲಿಗೇ ಮುಗಿಯುವುದಿಲ್ಲ. ದಡಿಯ ಬಣ್ಣ ಒಂದು, ಒಡಲಿನ ಬಣ್ಣ ಇನ್ನೊಂದು. ಒಡಲಿನ ಹೊಕ್ಕು ದಡಿಯೊಳಗೆ ನುಗ್ಗಿದರೆ ದಡಿಯ ಬಣ್ಣ ಕೆಡುತ್ತದೆ. ಆದ್ದರಿಂದ ಮೂರು ಲಾಳಿ: ಎರಡು ದಡಿಗೆ ಎರಡು, ಒಡಲಿಗೆ ಒಂದು. ಗಡಿಯ ಗೆರೆಯಲ್ಲಿ ಒಂದು ಬಣ್ಣದ ಎಳೆ ಮತ್ತೊಂದನ್ನು ಕೊಕ್ಕೆ ಹಾಕಿ ಹಿಡಿದು ತಿರುಗಿ ಬರುತ್ತದೆ. ಇದು ಕೊಂಡಿ. ಗೋಮಿ ದಡಿಯಿರಲಿ, ಪರಾಸಪೇಟೆಯಿರಲಿ, ಗಾಡಿಯಿರಲಿ, ಆ ಕೊಂಡಿ ಸರಿಯಿದ್ದರೆ ದಡಿ ಒಡಲಿನಿಂದ ಕಿತ್ತು ಬರುವುದಿಲ್ಲ, ಬಣ್ಣವೂ ಬೆರೆಯುವುದಿಲ್ಲ.

ಇಷ್ಟು ತಾಪತ್ರಯ ಯಾಕೆ ಪಟ್ಟರು? ನನಗೆ ತೋಚುವ ಕಾರಣ ಬಡತನ. ನಮ್ಮದು ಬಿಸಿಲಿನ ಸೀಮೆ, ಹೊಲದ ಕೆಲಸದ ಸೀಮೆ. ಮೈಗೆ ಹತ್ತಿ ಬೇಕು. ಪೂರ್ತಿ ರೇಷ್ಮೆ ಉಡುವ ತಾಕತ್ತು ಎಲ್ಲರಿಗೂ ಇರಲಿಲ್ಲ. ಆದರೆ ತಲೆಯ ಮೇಲೆ ಹೊದೆಯುವ, ದೇವರ ಮುಂದೆ ಒಡ್ಡುವ, ಮಗುವಿನ ಮುಖ ಒರೆಸುವ ಸೆರಗಾದರೂ ರೇಷ್ಮೆಯದಿರಲಿ ಎಂಬ ಆಸೆಗೆ ಯಾರ ಅಪ್ಪಣೆಯೂ ಬೇಕಿಲ್ಲ. ಹತ್ತಿಗೂ ರೇಷ್ಮೆಗೂ ಗುಣದಲ್ಲಿ ಹೊಂದಿಕೆಯಿಲ್ಲ. ನೀರು ಬಿದ್ದರೆ ಒಂದರ ವರ್ತನೆ ಒಂದು ತರಹ, ಬಣ್ಣ ಕುಡಿಯುವುದು ಒಂದು ತರಹ, ಜಗ್ಗಿದರೆ ತಾಳುವುದು ಇನ್ನೊಂದು ತರಹ. ನೇಕಾರ ಇವೆರಡನ್ನು ಹೊಸೆದು ಒಂದೇ ನೂಲು ಮಾಡಲು ಹೋಗಲಿಲ್ಲ. ಹತ್ತಿಯನ್ನು ಹತ್ತಿಯಾಗಿಯೇ ಬಿಟ್ಟ, ರೇಷ್ಮೆಯನ್ನು ರೇಷ್ಮೆಯಾಗಿಯೇ ಬಿಟ್ಟ, ಸೇರುವ ಗೆರೆಯ ಮೇಲೆ ಮಾತ್ರ ತನ್ನ ಬುದ್ಧಿಯನ್ನೆಲ್ಲ ಸುರಿದ.

ಬೆಸುಗೆಯ ಬಗ್ಗೆ ನನಗೆ ಹೇಳಲಿಕ್ಕಿರುವುದು ಇದೇ. ಎರಡು ಒಂದಾಗಿಬಿಟ್ಟರೆ ಬೆಸುಗೆಯ ಪ್ರಶ್ನೆಯೇ ಏಳುವುದಿಲ್ಲ. ಎರಡು ಎರಡಾಗಿಯೇ ಉಳಿದು ಬಿಡದೆ ಹಿಡಿದುಕೊಂಡಾಗ ಮಾತ್ರ ಅದಕ್ಕೆ ಅರ್ಥ. ಅಂಥ ಬೆಸುಗೆ ತಾನಾಗಿ ಆಗುವುದಿಲ್ಲ. ನಡುವೆ ಯಾರೋ ಕೂತು ಒಂದೊಂದೇ ಎಳೆ ಹೊಂದಿಸಬೇಕು.

ಇದೇ ಜಿಲ್ಲೆಯಲ್ಲಿ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ದೊಡ್ಡ ಕಲ್ಪನೆಯೂ ಇದೆ ಎಂಬುದನ್ನು ಮರೆತಿಲ್ಲ. ಹುನಗುಂದ ತಾಲ್ಲೂಕಿನ ಕೂಡಲಸಂಗಮದಲ್ಲಿ ನಮ್ಮ ಮಲಪ್ರಭೆ ಕೃಷ್ಣೆಯನ್ನು ಸೇರುತ್ತಾಳೆ. ಸೇರಿದ ಮೇಲೆ ಇದು ಯಾರ ನೀರು ಎಂದು ಕೇಳುವಂತಿಲ್ಲ. ಬಸವಣ್ಣನವರ ಅಂಕಿತದಲ್ಲಿ ಆ ಸಂಗಮ ಕೂತಿದೆ, ಅವರ ಐಕ್ಯವೂ ಅಲ್ಲೇ ಎಂದು ನಾಡು ನಂಬಿದೆ. ದೇವರ ವಿಷಯದಲ್ಲಿ ನಾನು ಸಂಗಮದ ಪಕ್ಷ. ಮನುಷ್ಯರ ವಿಷಯದಲ್ಲಿ ಕೊಂಡಿಯ ಪಕ್ಷ. ಮದುವೆಯಲ್ಲಿ ಇಬ್ಬರೂ ಒಂದಾಗಿಹೋಗಬೇಕು ಎಂದು ಆಶೀರ್ವಾದ ಮಾಡುತ್ತೇವೆ. ನೋಡಿದರೆ ಯಾವಾಗಲೂ ಹೆಣ್ಣೇ ಹರಿದು ಹೋಗಿ ಗಂಡಿನ ಹೊಳೆಗೆ ಸೇರಬೇಕು. ಹೆಸರು, ಊರು, ಅಡುಗೆಯ ರುಚಿ ಎಲ್ಲ ಅವಳದೇ ಕರಗಬೇಕು. ಕಾಯಂ ಒಬ್ಬರೇ ಕರಗುವ ಐಕ್ಯಕ್ಕೆ ನುಂಗುವುದು ಎನ್ನುತ್ತಾರೆ. ಊರಿನ ವಿಷಯವೂ ಹಾಗೆಯೇ. ಇಳಕಲ್ಲಿನಲ್ಲಿ ಮಹಾಂತರ ಮಠವಿದೆ, ಮುರ್ತುಜಾ ಖಾದ್ರಿ ದರ್ಗಾ ಇದೆ. ಎರಡನ್ನೂ ಬೆರೆಸಿ ಮೂರನೆಯದೊಂದನ್ನು ಮಾಡಬೇಕೆಂದು ಯಾವ ಹಿರಿಯರೂ ಹೇಳಲಿಲ್ಲ. ಇಬ್ಬರೂ ಒಬ್ಬರ ಉತ್ಸವಕ್ಕೆ ಒಬ್ಬರು ಹೋಗುತ್ತಾರೆ, ಹೋಗಿ ತಮ್ಮ ಮನೆಗೆ ಬರುತ್ತಾರೆ.

ನಮ್ಮ ಹಳ್ಳಿಗಳಲ್ಲಿ ಜಾತಿ ಬೇರೆಯಾದರೂ ಓಣಿಯವರನ್ನು ಕಾಕಾ, ಮಾವ, ಅತ್ತಿ, ಯಕ್ಕಾ ಎಂದೇ ಕರೆಯುವ ವಾಡಿಕೆ. ಇದನ್ನು ನಾನು ಅತಿಯಾಗಿ ಹೊಗಳಲಾರೆ. ಕಾಕಾ ಎಂದು ಕರೆಸಿಕೊಂಡವನೇ ಕುಡಿಯುವ ನೀರಿನ ಬಾವಿಗೆ ಬೇಲಿ ಹಾಕಿದ್ದನ್ನೂ ಇದೇ ಓಣಿ ನೋಡಿದೆ. ಆದರೂ ಕರೆಯುವ ಬಾಯಿ ಒಂದು ಕುಣಿಕೆಯನ್ನಂತೂ ತೆರೆದಿಡುತ್ತದೆ. ಎಳೆ ತೂರಿಸುವುದು ಮುಂದಿನವರ ಕೆಲಸ.

ಈಗ ನಾವು ಕೂತಿರುವ ಬನಶಂಕರಿಗೆ ಬರೋಣ. ಬನದ ಹುಣ್ಣಿಮೆಯ ತೇರು ನಿಮ್ಮೆಲ್ಲರಿಗೂ ಗೊತ್ತು. ಶಾಕಂಬರಿ ಎಂಬ ಹೆಸರಿಗೆ ತಕ್ಕಂತೆ ಪಲ್ಲೇದ ಹಬ್ಬದ ದಿನ ನೂರೆಂಟು ಬಗೆಯ ಕಾಯಿಪಲ್ಲೆ ದೇವಿಗೆ ಏರುತ್ತವೆ. ಬರಗಾಲದಲ್ಲಿ ತನ್ನ ಮೈಯಿಂದಲೇ ಸೊಪ್ಪು ತರಕಾರಿ ಬೆಳೆದುಕೊಟ್ಟಳು ಎಂಬ ಪುರಾಣದ ತಾಯಿ ಮಳೆ ಕಡಿಮೆಯ ಈ ಸೀಮೆಯಲ್ಲಿ ನೆಲೆಸಿದ್ದು ಸರಿಯಾಗಿದೆ. ದೇವಾಂಗ ನೇಕಾರರ ಕುಲದೇವಿಯೂ ಇವಳೇ. ಹರಿದ್ರಾತೀರ್ಥದ ಹೊಂಡದಲ್ಲಿ ಬಾಳೆದಿಂಡಿನ ತೆಪ್ಪದ ಮೇಲೆ ಕೂಸುಗಳನ್ನು ಮಲಗಿಸಿ ತೇಲಿಸುವ ಹರಕೆ ಇಲ್ಲಿಯದು. ಆ ಹೊತ್ತಿನಲ್ಲಿ ತಾಯಿ ದಂಡೆಯ ಮೇಲೆ, ಕೂಸು ನೀರಿನ ಮೇಲೆ, ನಡುವೆ ಗುರುತಿಲ್ಲದ ಒಬ್ಬನ ಕೈ. ಬೆಸುಗೆಯ ಮೇಲೆ ಮನುಷ್ಯರು ಇಡುವ ವಿಶ್ವಾಸಕ್ಕೆ ಇದಕ್ಕಿಂತ ಧೈರ್ಯದ ಆಚರಣೆ ನಾನು ಬೇರೆಲ್ಲೂ ಕಂಡಿಲ್ಲ.

ತೇರು ಚೊಳಚಗುಡ್ಡದ ನೆಲದಲ್ಲಿ ಓಡುತ್ತದೆ, ಅದನ್ನು ಎಳೆಯುವ ಹಗ್ಗ ಮಾತ್ರ ರೋಣ ತಾಲ್ಲೂಕಿನ ಮಾಡಲಗೇರಿಯಿಂದ ಎತ್ತು ಹೂಡಿದ ಬಂಡಿಯಲ್ಲಿ ಬರಬೇಕು. ಹಾಗೆಂದು ಹಿರಿಯರು ಗೊತ್ತು ಮಾಡಿಟ್ಟಿದ್ದಾರೆ. ತೇರಿದ್ದವರಿಗೆ ಒಂದು ಹಗ್ಗ ಹೊಸೆದುಕೊಳ್ಳುವುದು ಕಷ್ಟವಿತ್ತೆ? ಇರಲಿಲ್ಲ. ಬೇಕೆಂದೇ ತಮ್ಮಲ್ಲೊಂದು ಕೊರತೆ ಇಟ್ಟುಕೊಂಡರು ಎಂದು ನಾನು ತಿಳಿಯುತ್ತೇನೆ. ಮಾಡಲಗೇರಿಯವರು ಬರದೆ ನಮ್ಮ ತೇರು ಕದಲುವುದಿಲ್ಲ ಎಂದಮೇಲೆ, ಎರಡೂರಿನ ನಡುವೆ ಹೊಲದ ಬದುವಿನ ಜಗಳ ಬಂದರೂ ವರ್ಷಕ್ಕೊಮ್ಮೆ ಮುಖ ನೋಡಲೇಬೇಕು. ಎಲ್ಲವನ್ನೂ ತಾನೇ ಮಾಡಿಕೊಳ್ಳಬಲ್ಲ ಊರಿಗೆ ನೆಂಟರಿರುವುದಿಲ್ಲ.

ಹಗ್ಗದ ಒಳಗನ್ನೂ ಸ್ವಲ್ಪ ನೋಡಬೇಕು. ತೇರಿನ ಮಿಣಿ ಎಷ್ಟೇ ಉದ್ದವಿರಲಿ, ಈ ತುದಿಯಿಂದ ಆ ತುದಿಯವರೆಗೆ ಹೋಗುವ ನಾರು ಅದರಲ್ಲಿ ಒಂದೂ ಇಲ್ಲ. ಎಲ್ಲ ಗಿಡ್ಡ ನಾರುಗಳೇ. ಒಂದಿಷ್ಟು ದೂರ ಜೊತೆಗೆ ಹೋಗಿ ಮುಗಿಯುತ್ತವೆ, ಮುಗಿಯುವ ಮೊದಲೇ ಬೇರೆಯವು ಶುರುವಾಗಿರುತ್ತವೆ. ಎಳೆಗಳನ್ನು ಒಂದು ದಿಕ್ಕಿಗೆ ಹುರಿ ಮಾಡಿ, ಹುರಿಗಳನ್ನು ಎದುರು ದಿಕ್ಕಿಗೆ ಹೊಸೆಯುವುದರಿಂದ ಬಿಚ್ಚಿಕೊಳ್ಳುವ ಆಸೆಯೇ ಬಿಗಿಯಾಗುವ ಕಾರಣವಾಗುತ್ತದೆ. ಜಗ್ಗಿದಷ್ಟೂ ನಾರು ನಾರನ್ನು ಒತ್ತುತ್ತದೆ, ಒತ್ತಿದಷ್ಟೂ ತಿಕ್ಕಾಟ ಹೆಚ್ಚುತ್ತದೆ, ತಿಕ್ಕಾಟವೇ ಹಗ್ಗದ ಬಲ. ಅಂಟು, ಗೋಂದು ಏನೂ ಇಲ್ಲ. ನೂಲಿನ ಬಲ ಅದರುದ್ದಕ್ಕೂ ಓಡುವ ಒಂದು ನಾರಿನಲ್ಲಿರದೆ ಅನೇಕ ನಾರುಗಳು ಒಂದರ ಮೇಲೊಂದು ಹಾಯುವುದರಲ್ಲಿದೆ ಎಂಬ ಮಾತನ್ನು ಕಳೆದ ಶತಮಾನದಲ್ಲಿ ವಿಟ್ಗೆನ್‌ಸ್ಟೈನ್ ಎಂಬ ತತ್ತ್ವಜ್ಞಾನಿ ಬರೆದಿಟ್ಟ. ಅವನು ಯೋಚಿಸುತ್ತಿದ್ದದ್ದು ಭಾಷೆಯ ಬಗ್ಗೆ. ನನಗೆ ಅದು ಮನೆತನಗಳ, ಊರುಗಳ ಬಗ್ಗೆಯೂ ನಿಜವೆನಿಸುತ್ತದೆ. ಆದಿಯಿಂದ ಇವತ್ತಿನವರೆಗೆ ಎಲ್ಲರಲ್ಲೂ ಹರಿದುಬಂದ ಒಂದೇ ಗುಣವನ್ನು ಹುಡುಕಿ, ಅದಿದ್ದವರು ಮಾತ್ರ ನಮ್ಮವರು ಎನ್ನುವ ಮಾತು ಈಚೆಗೆ ಜೋರಾಗಿದೆ. ಅಂಥ ನಾರು ಯಾವ ಹಗ್ಗದಲ್ಲೂ ಇಲ್ಲ.

ಜಾತ್ರೆಯಲ್ಲಿ ಬಾಗಿಲು ಚೌಕಟ್ಟುಗಳ ಸಾಲು ಸಾಲು ಅಂಗಡಿ, ನಾಟಕ ಕಂಪನಿಗಳ ಡೇರೆ, ದನದ ಪೇಟೆ, ಇವೆಲ್ಲ ಬೇರೊಂದು ಉಪನ್ಯಾಸಕ್ಕೆ ಆಗುವಷ್ಟಿವೆ. ಗುಡಿಯ ಸುತ್ತ ಬುಟ್ಟಿ ಇಟ್ಟುಕೊಂಡು ಕೂರುವ ತಾಯಂದಿರ ರೊಟ್ಟಿಯ ಬಗ್ಗೆ ಮಾತ್ರ ಎರಡು ಮಾತು. ಗೋದಿ ಹಿಟ್ಟಿಗೆ ತನ್ನದೇ ಜಿಗುಟಿದೆ. ತಣ್ಣೀರು ಹಾಕಿ ನಾದಿದರೂ ಕೂಡಿಕೊಳ್ಳುತ್ತದೆ. ಜೋಳದ ಹಿಟ್ಟಿಗೆ ಆ ಜಿಗುಟಿಲ್ಲ. ಕುದಿಯುವ ಎಸರು ಬಿದ್ದಾಗ ಅದರ ಪಿಷ್ಟ ಉಬ್ಬಿ ಅಂಟಾಗುತ್ತದೆ, ಆಮೇಲೆ ಅಂಗೈಯ ಬಲದಲ್ಲಿ ನಾದಿದಷ್ಟೂ ರೊಟ್ಟಿ ಅಂಚು ಒಡೆಯದೆ ಅಗಲವಾಗುತ್ತದೆ. ಎಸರಿನ ಬಿಸಿಯನ್ನು ಕೈ ತಾಳಬೇಕು. ಹೊಸ ಸೊಸೆಯರಿಗೆ ಮೊದಲ ವರ್ಷ ಇದೇ ಪರೀಕ್ಷೆ. ಹತ್ತಿರದೂರಿನ ಆ ಅಕ್ಕಂದಿರು ಕೆಂಪು ಚಟ್ನಿ, ಪುಂಡಿಪಲ್ಲೆ, ಗಟ್ಟಿ ಮೊಸರು ಬಡಿಸಿ, ಯಾವೂರು ಎಂದು ಕೇಳಿ, ಇನ್ನೊಂದು ರೊಟ್ಟಿ ಹಾಕುತ್ತಾರೆ. ದುಡ್ಡಿಗೆ ಮಾರುವ ಊಟವೇ ಹೌದು. ಆದರೆ ಆ ಇನ್ನೊಂದು ರೊಟ್ಟಿಯ ಲೆಕ್ಕ ದುಡ್ಡಿನೊಳಗೆ ಪೂರ್ತಿ ಬರುವುದಿಲ್ಲ.

ಬೆಸುಗೆಯನ್ನು ಇಷ್ಟೊತ್ತು ಹೊಗಳಿದೆ. ಕಟ್ಟುವುದೆಲ್ಲ ಒಳ್ಳೆಯದೇ ಎಂದು ತಿಳಿದರೆ ಈ ಜಿಲ್ಲೆಯ ಹೆಣ್ಣುಮಕ್ಕಳಿಗೆ ದ್ರೋಹವಾಗುತ್ತದೆ. ಮುತ್ತು ಕಟ್ಟುವುದು ಅನ್ನುತ್ತಿದ್ದರಲ್ಲ, ಅದೂ ಒಂದು ಕಟ್ಟೇ. ಕೊರಳಿಗೆ ಬಿದ್ದ ಆ ಮಣಿಸರ ಎಳೆಯ ಹುಡುಗಿಯನ್ನು ದೇವರ ಹೆಸರಿನಲ್ಲಿ ಊರಿನ ಗಂಡಸರಿಗೆ ಕಟ್ಟಿಹಾಕಿತು. ಕರ್ನಾಟಕ ಅದನ್ನು ನಿಷೇಧಿಸುವ ತನ್ನದೇ ಕಾಯ್ದೆ ಮಾಡಿದ್ದು 1982ರಲ್ಲಿ. ಕಾಯ್ದೆ ಬಂದ ಮೇಲೂ ಪದ್ಧತಿ ಕದ್ದುಮುಚ್ಚಿ ನಡೆಯಿತು. ಸಾಲದ ಕಟ್ಟು ಇನ್ನೊಂದು. ಮಗ್ಗದವನು ಮದುವೆಗೋ ಆಸ್ಪತ್ರೆಗೋ ಮಾಲೀಕನಿಂದ ಮುಂಗಡ ಎತ್ತುತ್ತಾನೆ. ಬಾಕಿ ತೀರುವವರೆಗೆ ಬೇರೆಯವರಿಗೆ ನೇಯುವಂತಿಲ್ಲ, ಬಾಕಿ ತೀರುವುದೂ ಇಲ್ಲ. ಜೀತ ನಿರ್ಮೂಲನದ ಕಾಯ್ದೆ 1976ರದು. ಮುಂಗಡಕ್ಕೆ ಜೀತವೆಂದು ಯಾರೂ ಹೆಸರಿಡದ ಕಾರಣ ಅದು ಹಾಗೇ ಉಳಿದಿದೆ.

ಕೆಟ್ಟ ಕಟ್ಟನ್ನು ಬಿಡಿಸುವವರೂ ಬೆಸೆಯುವವರಷ್ಟೇ ಮುಖ್ಯ. ಇಳಕಲ್ಲಿನ ಡಾ. ಮಹಾಂತ ಸ್ವಾಮಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟಾಗ ಕೇಳಿದ ಭಿಕ್ಷೆ ಕುಡಿತ, ತಂಬಾಕು, ಜೂಜು. ಮಹಾಂತ ಜೋಳಿಗೆ ಎಂದೇ ಅದು ಹೆಸರಾಯಿತು. ಅವರ ಜನ್ಮದಿನ ಆಗಸ್ಟ್ 1ನ್ನು ಸರ್ಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ. ಜನ ಚಟವನ್ನು ಜೋಳಿಗೆಗೆ ಹಾಕುವಾಗ ಬರೀ ಚಟ ಬಿಡುತ್ತಿರಲಿಲ್ಲ, ಸ್ವಾಮಿಗಳಿಗೆ ಮಾತು ಕೊಡುತ್ತಿದ್ದರು. ಒಂದು ಕಟ್ಟು ಬಿಡಿಸಲು ಇನ್ನೊಂದು ಕಟ್ಟು ಬೇಕಾಯಿತು ಎಂಬುದನ್ನು ಗಮನಿಸಬೇಕು. ಒಳ್ಳೆಯ ಕಟ್ಟನ್ನು ಗುರುತು ಹಿಡಿಯಲು ನನ್ನ ಬಳಿ ಇರುವ ಅಳತೆ ಸಣ್ಣದು. ಎರಡೂ ತುದಿಯವರಿಗೆ ಬಿಚ್ಚಿಕೊಳ್ಳುವ ಸ್ವಾತಂತ್ರ್ಯವಿದ್ದು, ಆದರೂ ಬಿಚ್ಚಿಕೊಳ್ಳದಿದ್ದರೆ ಅದು ನಂಟು. ಒಂದೇ ತುದಿಯ ಕೈಯಲ್ಲಿ ಗಂಟಿದ್ದರೆ ಅದು ಸರಪಳಿ.

ಕಟ್ಟು ಹರಿಯುವುದನ್ನೂ ನಾವು ಕಂಡೆವು. ಆಲಮಟ್ಟಿಯ ಹಿನ್ನೀರಿಗೆ ಬಾಗಲಕೋಟೆಯ ಓಣಿಗಳು, ಕೃಷ್ಣಾ ಘಟಪ್ರಭಾ ದಂಡೆಯ ಹಳ್ಳಿಗಳು ಹೋದವು. ನವನಗರ ಎದ್ದಿತು. ರಸ್ತೆ ಅಗಲ, ಸೈಟು ಚೊಕ್ಕ, ಸೆಕ್ಟರಿಗೊಂದು ನಂಬರು. ಒಂದೇ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದವರಿಗೆ ಬೇರೆ ಬೇರೆ ಸೆಕ್ಟರು ಬಂತು. ಮನೆಗೆ, ಹೊಲಕ್ಕೆ, ಗಿಡಕ್ಕೆ ಪರಿಹಾರದ ದರ ಗೊತ್ತು ಮಾಡಿದ ಸರ್ಕಾರಿ ಪಟ್ಟಿಯಲ್ಲಿ ಕಟ್ಟೆಯ ನೆರೆಹೊರೆಗೆ ಅಂಕಣವೇ ಇರಲಿಲ್ಲ. 2010ರಲ್ಲಿ ಕೃಷ್ಣಾ ನೀರಿನ ನ್ಯಾಯಮಂಡಳಿ ಅಣೆಕಟ್ಟಿನ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಒಪ್ಪಿತು. ಮುಂದಿನ ಪುನರ್ವಸತಿಯ ನಕಾಶೆ ಬರೆಯುವವರು ಈ ಸಲವಾದರೂ ಓಣಿಗೆ ಓಣಿಯನ್ನೇ ಒಟ್ಟಿಗೆ ಕೂರಿಸಲಿ. ಅದಕ್ಕೆ ಹೆಚ್ಚಿನ ಸಿಮೆಂಟು ಬೇಡ.

ಕೊನೆಗೆ ಮತ್ತೆ ಮಗ್ಗದ ಮನೆಗೇ ಹೋಗುತ್ತೇನೆ, ಯಾಕೆಂದರೆ ಕೆಲಸ ಬಾಕಿ ಇರುವುದು ಅಲ್ಲಿ. ಪವರ್‌ಲೂಮಿನಲ್ಲಿ ಬರುವ ಇಳಕಲ್ ಮಾದರಿಯ ಸೀರೆಗೆ ಸೆರಗಿನವರೆಗೂ ಒಂದೇ ಹಾಸು. ದೂರದಿಂದ ನೋಡಿದರೆ ಅದೇ ದಡಿ, ಅದೇ ಕೆಂಪು ಸೆರಗು. ಜೋಡಣೆಯೊಂದಿಲ್ಲ, ಅದಕ್ಕೇ ಅಗ್ಗ. ಕೆಲವು ಬಗೆಯ ನೇಯ್ಗೆಯನ್ನು ಕೈಮಗ್ಗಕ್ಕೆ ಮೀಸಲಿಡುವ ಕಾಯ್ದೆ 1985ರಿಂದ ಇದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ಸಿಕ್ಕಿದೆ. ಕಾಗದ ತನ್ನ ಕೆಲಸ ಮಾಡಿದೆ. ಗಿರಾಕಿ ತನ್ನ ಕೆಲಸ ಮಾಡಿಲ್ಲ. ಕೈಮಗ್ಗದಲ್ಲಿ ಒಂದು ಸೀರೆ ಇಳಿಯುವ ಮೊದಲು ನೂಲು ಬಿಚ್ಚುವುದು, ಸುತ್ತುವುದು, ಕಂಡಿಕೆ ತುಂಬುವುದು ಎಂಬ ದಿನಗಟ್ಟಲೆಯ ಕೆಲಸವಿದೆ. ಅದರಲ್ಲಿ ಹೆಚ್ಚಿನದನ್ನು ಮನೆಯ ಹೆಂಗಸರು, ಮುದುಕರು ಮಾಡುತ್ತಾರೆ. ಸೀರೆಯ ಮಜೂರಿ ಎಣಿಸುವಾಗ ಲಾಳಿ ಹೊಡೆದವನ ಲೆಕ್ಕ ಬರುತ್ತದೆ, ಇವರ ಲೆಕ್ಕ ಅದರೊಳಗೇ ಕರಗಿಹೋಗುತ್ತದೆ. ಬಾದಾಮಿಯ ಅರಸು ಹೂ ಕಟ್ಟುವವರಿಗೆ ಪಾಲು ಬರೆಸಿದ್ದ. ನಾವು ಅಷ್ಟಕ್ಕೂ ಬಂದಿಲ್ಲ.

ತವರಿನಿಂದ ಹೊರಡುವ ಮಗಳಿಗೆ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಇಟ್ಟು ಉಡಿ ತುಂಬುವ ಸೀಮೆ ನಮ್ಮದು. ಬನಶಂಕರಿ ತಾಯಿಗೂ ಉಡಿ ತುಂಬುತ್ತೇವೆ. ಮುಂದಿನ ಸಲ ಅಂಗಡಿಯಲ್ಲಿ ಸೀರೆ ಬಿಚ್ಚಿಸಿದಾಗ ಬಣ್ಣ ನೋಡಿ ಸುಮ್ಮನಾಗಬೇಡಿ. ಸೆರಗನ್ನು ಮಗುಚಿ, ಒಡಲು ಸೆರಗು ಸೇರುವ ಗೆರೆಯ ಮೇಲೆ ಬೆರಳಾಡಿಸಿ ನೋಡಿ. ಅಲ್ಲಿ ಕುಣಿಕೆಗಳ ಸಾಲು ಕೈಗೆ ಹತ್ತಿದರೆ ಆ ಸೀರೆಗೆ ಚೌಕಾಶಿ ಮಾಡಬೇಡಿ. ಹತ್ತದಿದ್ದರೆ ಅಂಗಡಿಯವರಿಗೆ, ಅಣ್ಣಾ, ಜೋಡಣಿ ಇರೋ ಸೀರಿ ತೋರಸ್ರಿ ಎಂದು ಕೇಳಿ. ನಾಲ್ಕು ಮಂದಿ ಕೇಳಿದರೆ ಅವರು ತರಿಸುತ್ತಾರೆ.